ಬಿಡ್ತು ಅನ್ನದವಳು

ಏಪ್ರಿಲ್ 7, ಸೋಮವಾರ

ಇವತ್ತಿನಿಂದ ನಾನು ರಿಸ್ಕ್ ಆಫೀಸರ್. ಸಂಬಳ ಅದೇ, ಕುರ್ಚಿ ಅದೇ, ಕುರ್ಚಿಯ ಮುರಿದ ಕೈಯೂ ಅದೇ. ಹೆಸರು ಮಾತ್ರ ಹೊಸದು.

ಬಾಗೇವಾಡಿಯಿಂದ ಬಸ್ಸು ಹಿಡಿದು ಗೊಳಸಂಗಿ ಹತ್ತಿರದ ನಮ್ಮ ಕೋಲ್ಡ್ ಸ್ಟೋರೇಜಿನಲ್ಲಿ ಕಾಲಿಡುತ್ತಿದ್ದಂತೆ ಯಲ್ಲಾಲಿಂಗ ಸಾಹುಕಾರ ಕ್ಯಾಬಿನ್ನಿಗೆ ಕರೆದ. ಎದುರಿಗೆ 'ಸಾಹುಕಾರ್ರ' ಅನ್ನುತ್ತೇನೆ. ಇಲ್ಲಿ, ನನ್ನದೇ ದಿನಚರಿಯಲ್ಲಿ, ಅವನಿಗೆ ಬಹುವಚನ ಕೊಡಲು ನನ್ನ ಪೆನ್ನು ಪುಕ್ಕಟೆ ಬಂದಿಲ್ಲ.

ಪುಣೆಯ ಕಂಪನಿಯೊಂದು ನಮ್ಮಲ್ಲಿ ಒಣದ್ರಾಕ್ಷಿ ಇಟ್ಟು ಹೊರದೇಶಕ್ಕೆ ಕಳಿಸುತ್ತದೆ. ಇನ್ನು ಮುಂದೆ ನಮ್ಮಲ್ಲಿ 'ರಿಸ್ಕ್ ಮ್ಯಾನೇಜ್‌ಮೆಂಟ್ ಸಿಸ್ಟಮ್' ಇರಲೇಬೇಕು ಅಂದಿದ್ದಾರಂತೆ. ಏನೇನು ಕೆಡುಕು ಆಗಬಹುದು ಎಂದು ಕೆಲಸದವರನ್ನೆಲ್ಲ ಕೇಳಬೇಕು, ಅದು ಆಗದ ಹಾಗೆ ವ್ಯವಸ್ಥೆ ಮಾಡಬೇಕು, ಮಾಡಿದ್ದನ್ನು ಬರೆದಿಡಬೇಕು. ಮಾತೇನೋ ಒಳ್ಳೆಯದೇ. ಆದರೆ ಸಾಹುಕಾರನಿಗೆ ಅದು ಬೇಕಾಗಿರುವುದು ಬೇರೆ ಕಾರಣಕ್ಕೆ. ಇಂಡಿ ಊರಿನಲ್ಲಿ ಲಿಂಬೆಹಣ್ಣಿನ ವ್ಯಾಪಾರ ಮಾಡುವ ಅವನ ಬೀಗ ಅಂಥ ಸಿಸ್ಟಮ್ ಇದೆಯೆಂಬ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾನೆ.

"ಸಿಂದಗ್ಯಾಗಿನ ಬ್ಯಾಳಿ ಮಿಲ್ಲಿನವ್ರೂ ತಗೊಂಡಾರ. ನಾವೇನ್ ಕಡಿಮಿ ಅದೇವೇನ್ರಿ ವಸುಧಾಬಾಯಿ? ವಿಮಾದವ್ರೂ ಕೇಳಾಕತ್ತಾರ. ಒಂದ್ ಫೈಲ್ ಮಾಡ್ರಿ. ದಪ್ಪ ಇರ್ಲಿ."

ಎಷ್ಟು ದಪ್ಪ ಎಂದು ಎರಡೂ ಕೈಯಿಂದ ಅಳತೆ ತೋರಿಸಿದ. ನಾನು ಹೂಂ ಎಂದು ಹೊರಬಂದೆ.

ಏಪ್ರಿಲ್ 9, ಬುಧವಾರ

ಸಭೆ ಆಯಿತು. ಹೇಸಿಕೆಯಾಗಿ, ಮನೆಗೆ ಬಂದು ಎರಡು ಸಲ ಕೈಕಾಲು ತೊಳೆದೆ.

ಮಷಿನ್ ನೋಡುವ ನಬಿಲಾಲ, ಹಮಾಲರು, ದೊಡ್ಡ ಹಾಲಿನಲ್ಲಿ ಕೂತು ಒಣದ್ರಾಕ್ಷಿ (ಇಲ್ಲಿಯವರ ಬಾಯಲ್ಲಿ ಮಣೂಕಾ) ಆರಿಸುವ ಹೆಂಗಸರು, ಎಲ್ಲರನ್ನೂ ಕೂಡಿಸಿದ್ದೆ. "ಇಲ್ಲೆ ಏನೇನ್ ಕೆಟ್ಟದ್ದು ಆಗಬಹುದು, ಒಬ್ಬೊಬ್ಬರ ಹೇಳ್ರಿ" ಎಂದೆ. ಎಲ್ಲರೂ ನಬಿಲಾಲನ ಕಡೆ ನೋಡಿದರು.

"ಎಲ್ಲಾ ಛಲೋ ಐತ್ರಿ ಅಕ್ಕಾರ" ಎಂದ ನಬಿಲಾಲ.

"ಛಲೋ ಇಲ್ಲದ್ದು ಹೇಳು ನಬಿಲಾಲ. ಅದಕ್ಕ ಕರದದ್ದು."

"ಅಂಥಾವ ಬಾಯಾಗ ಆಡಬಾರದ್ರಿ. ಗೋಡಿ ಕೇಳಸ್ಕೋತಾವ. ಅಸ್ತು ಅಂತಾವ."

ಎಲ್ಲರೂ ತಲೆಯಾಡಿಸಿದರು. ಕೂತ ಜಾಗದಲ್ಲಿ ಕೆಟ್ಟದ್ದು ನುಡಿದರೆ ಆ ಜಾಗವೇ ಹಾಗೇ ಆಗಲಿ ಅನ್ನುತ್ತದಂತೆ. ಬಾಯಿ ತಪ್ಪಿ ಆಡಿದವರು ಕೂಡಲೇ 'ಬಿಡ್ತು' ಅಂದುಬಿಡಬೇಕು, ಅಂದರೆ ಮಾತು ಬಿದ್ದುಹೋಗುತ್ತದೆ. ನನ್ನ ಮನೆಯಲ್ಲೂ ಇದೇ ಪುರಾಣ ಕೇಳಿ ಬೆಳೆದವಳು ನಾನು. ಇಂಥ ಮಂದಿಯನ್ನು ಕಟ್ಟಿಕೊಂಡು ಸಿಸ್ಟಮ್ ಮಾಡಬೇಕು, ನನ್ನ ಕರ್ಮ!

ಕೊನೆಗೆ ಸಾಹುಕಾರನೇ ಬಾಯಿ ಬಿಟ್ಟ. "ಬರಕೋರಿ. ಹೆಣ್ಮಕ್ಕಳು ಉಡಿಯಾಗ ಮಣೂಕಾ ಕಟ್ಕೊಂಡ್ ಹೋಗ್ತಾರ. ಅದ ಮೊದಲನೇ ರಿಸ್ಕು." ಆ ಹೆಂಗಸರು ಅವನ ಎದುರಿಗೇ ಕೂತಿದ್ದರು. ಒಬ್ಬಳು ನೆಲ ಕೆರೆಯುತ್ತಿದ್ದಳು. ನಾನು ಬರೆದುಕೊಂಡೆ.

ಸಂಜೆ ಅವ್ವನಿಗೆ ಹೇಳಿದೆ. ಅವ್ವ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದವಳು ತಲೆಯೆತ್ತಲಿಲ್ಲ. "ಅವರು ಶಾಣ್ಯಾರು. ನಿನಗ ಬಿ.ಕಾಂ. ಕಲಿಸಿ ನಾನ ದಡ್ಡಿ ಆದೆ."

"ಹೌದು ಬಿಡು, ಒಂದ್ ದಿನಾ ಆ ಕಟ್ಟಡಾ ನನ್ನ ತಲಿ ಮ್ಯಾಲೇ ಬೀಳ್ತದ."

"ವಸೂ! ಮುಸ್ಸಂಜಿ ಹೊತ್ತಿನಾಗ! ಬಿಡ್ತು ಅನ್ನು ಮೊದಲ."

ಅಂದೆ. ಅನ್ನದಿದ್ದರೆ ಊಟ ಹಾಕುವುದಿಲ್ಲ ನಮ್ಮವ್ವ ಇಂದೂಬಾಯಿ.

ಏಪ್ರಿಲ್ 10, ಗುರುವಾರ

ಇವತ್ತಿಗೆ ಪಟ್ಟಿಯಲ್ಲಿರುವ ಅಪಾಯಗಳು: ಕಳವು, ಅಕಾಲ ಮಳೆ, ದರ ಬೀಳುವುದು, ಇಲಿ. ಮನುಷ್ಯರ ಸುದ್ದಿಯೇ ಇಲ್ಲ.

ಏಪ್ರಿಲ್ 15, ಮಂಗಳವಾರ

ಪುಣೆಯವರ ಮಾದರಿ ಹಾಳೆಯಲ್ಲಿ 'ಕೆಲಸಗಾರರು ಹೇಳಿದ ಅಪಾಯಗಳು' ಎಂದು ಒಂದು ಪುಟವಿದೆ. ಅದು ಖಾಲಿ ಇರುವಂತಿಲ್ಲ. ಸಿಟ್ಟಿನಿಂದಲೇ ಹಾಲಿಗೆ ಹೋಗಿ ಹೆಂಗಸರ ನಡುವೆ ಕೂತೆ. "ದೇವರು ಬಾಯಿ ಕೊಟ್ಟಾನೋ ಇಲ್ಲೋ ನಿಮಗ? ಯಾರರ ಒಂದರ ಹೇಳ್ರಿ, ಬರಕೊಂಡು ಹೋಗ್ತೇನಿ" ಎಂದು ಜಬರಿಸಿದೆ.

ಇರಮ ಎನ್ನುವ ಹುಡುಗಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಅವಳ ಪಕ್ಕದಲ್ಲಿದ್ದ ಗೊಳಸಂಗಿಯ ಕಾವೇರಿ ನಗಲಿಲ್ಲ. ಕೈಯಲ್ಲಿದ್ದ ದ್ರಾಕ್ಷಿಯನ್ನು ಬುಟ್ಟಿಗೆ ಹಾಕಿ ನನ್ನ ಕಡೆ ತಿರುಗಿದಳು.

"ಖರೇನ ಬರಕೋತೀರೇನ್ರಿ ಅಕ್ಕಾರ?"

"ಮತ್ತ್ಯಾಕ ಬಂದೇನಿ?"

"ಹಂಗಾದ್ರ ಬರೀರಿ. ಮಷಿನ್ ಖೋಲಿ ಈ ಹಾಲಿನ ಮುಂದಿನ ಬಾಗಲಾ ಹತ್ತಿರ ಐತಿ. ಗ್ಯಾಸ್ ಹೊರಗ ಬಂದ್ರ ಅಕಡಿಂದನ ಬರೂದು. ನಾವು ಹಿಂದಿನ ಬಾಗಲಕ ಓಡಬೇಕು. ಹಿಂದಿನ ಬಾಗಲಕ ಹೊರಗಿನಿಂದ ಕೀಲಿ ಐತಿ, ನಾವು ಕಳ್ಳರಂತ. ಎಲ್ಲಾರೂ ಇಲ್ಲೇ ಸಾಯ್ತೇವಿ."

ಹಾಲಿನಲ್ಲಿದ್ದ ಅಷ್ಟೂ ಕೈಗಳು ನಿಂತವು. ಇರಮ ಅವಳ ರಟ್ಟೆ ಹಿಡಿದು ಜಗ್ಗಿದಳು. "ಬಿಡ್ತು ಅನ್ನಬೇ ಕಾವೇರಕ್ಕಾ. ಬಿಡ್ತು ಅನ್ನ."

"ಯಾಕ ಅನ್ಲಿ? ಕೇಳ್ಯಾರ, ಹೇಳೇನಿ" ಎಂದು ಕಾವೇರಿ ಮತ್ತೆ ಬುಟ್ಟಿಗೆ ಕೈ ಹಾಕಿದಳು.

ಕೋಣೆಗಳನ್ನು ತಣ್ಣಗಿಡಲು ಪೈಪುಗಳಲ್ಲಿ ಅಮೋನಿಯಾ ಗ್ಯಾಸು ಓಡಾಡುತ್ತದೆ. ಹೊರಗೆ ಬಂದರೆ ಕಣ್ಣು, ಗಂಟಲು, ಎದೆಗೂಡು ಎಲ್ಲ ಸುಡುತ್ತದೆ. ಇದು ನನಗೂ ಗೊತ್ತಿತ್ತು. ಹಿಂದಿನ ಬಾಗಿಲಿಗೆ ಕೀಲಿ ಇರುವುದೂ ಗೊತ್ತಿತ್ತು. ಎರಡನ್ನೂ ಸೇರಿಸಿ ಯಾವತ್ತೂ ಯೋಚಿಸಿರಲಿಲ್ಲ. ಹೆಂಗಸಿಗೆ ಬಾಯಿ ಜೋರು. ಆದರೂ ಬರೆದುಕೊಂಡೆ, ಪುಟ ತುಂಬಿತು.

ಏಪ್ರಿಲ್ 19, ಶನಿವಾರ

ಗ್ಯಾಸು ಸೋರಿತು.

ಸ್ವಲ್ಪವೇ. ಮಷಿನ್ ಖೋಲಿಯ ಹಳೆಯ ವಾಲ್ವಿನಿಂದ. ಆಫೀಸಿನಲ್ಲಿದ್ದ ನನಗೇ ಕಣ್ಣಿಗೆ ಖಾರದ ಪುಡಿ ಎರಚಿದ ಹಾಗಾಯಿತು. ಹೊರಗೆ ಓಡಿಬಂದರೆ ಕಟ್ಟಡದ ಹಿಂದಿನಿಂದ ಬಡಿತದ ಸದ್ದು ಬರುತ್ತಿತ್ತು. ಹೆಂಗಸರು ಹಿಂದಿನ ಬಾಗಿಲನ್ನು ಒಳಗಿನಿಂದ ಬಡಿಯುತ್ತಿದ್ದರು. ಕೀಲಿಕೈ ಸಾಹುಕಾರನ ಹತ್ತಿರ, ಸಾಹುಕಾರ ಮುದ್ದೇಬಿಹಾಳದಲ್ಲಿ ಯಾರದೋ ಮದುವೆಯಲ್ಲಿ.

ನಬಿಲಾಲ ಒದ್ದೆ ಟವೆಲು ಮುಖಕ್ಕೆ ಸುತ್ತಿಕೊಂಡು ಒಳಗೆ ನುಗ್ಗಿ ಲೈನು ಬಂದ್ ಮಾಡಿದ. ಆಮೇಲೆ ಹೆಂಗಸರು ಮುಂದಿನ ಬಾಗಿಲಿನಿಂದ ಕೆಮ್ಮುತ್ತ ಹೊರಬಂದರು. ಇರಮಳನ್ನು ಕಾವೇರಿ ಹೆಗಲ ಮೇಲೆ ಹೊತ್ತು ತಂದಳು. ದವಾಖಾನೆಯಲ್ಲಿ ಆಕ್ಸಿಜನ್ ಹಚ್ಚಿ ಸಂಜೆಗೆ ಮನೆಗೆ ಕಳಿಸಿದರು. ಬದುಕಿದಳು.

ಆ ಬಡಿತ ಇನ್ನೂ ಕಿವಿಯಲ್ಲಿದೆ.

ಏಪ್ರಿಲ್ 21, ಸೋಮವಾರ

ಸಾಹುಕಾರ ಇವತ್ತು ವಾಲ್ವು ಬದಲಿಸುತ್ತಾನೆ, ಬಾಗಿಲು ತೆಗೆಸುತ್ತಾನೆ ಅಂದುಕೊಂಡು ಹೋದೆ. ಎಂಥ ಹುಚ್ಚಿ ನಾನು!

ಬದಲಿಸಿದ್ದು ಕಾವೇರಿಯನ್ನು. "ಅಕಿ ನುಡದ್ಲು, ಆತು. ಅಂಥಾ ಹೊಲಸ ಬಾಯಿ ನನ್ನ ಕಟ್ಟಡದಾಗ ಬ್ಯಾಡ" ಎಂದು ಗೇಟಿನಿಂದಲೇ ಹೊರಗೆ ಹಾಕಿದ. ವಾಲ್ವಿಗೆ ಎಂಥದೋ ಪಟ್ಟಿ ಸುತ್ತಿಸಿದ. ಅದೂ ಸಾಲದೆ ಮಷಿನ್ ಖೋಲಿಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿದ. ಲಿಂಬೆಹಣ್ಣು ಬೀಗನ ಅಂಗಡಿಯದೇ ಇರಬೇಕು.

ಉಳಿದ ಹೆಂಗಸರೂ ಹೌದೌದು ಎಂದರು. ಯಾರ ಪ್ರಾಣ ಉಳಿಯಲೆಂದು ಆಕೆ ಬಾಯಿ ಬಿಟ್ಟಳೋ ಅವರೇ! "ಅಕಿ ಬಿಡ್ತು ಅಂದಿದ್ರ ಹಿಂಗ ಆಗ್ತಿರ್ಲಿಲ್ರಿ." ಥೂ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರೆ. ಇಲ್ಲಿ ದಿಡ್ಡಿ ಬಾಗಿಲು ಹಾಕಿರುವುದೇ ಒಳಗಿನವರನ್ನು ಕೊಲ್ಲಲಿಕ್ಕೆ.

"ಅಕಿ ಹೇಳಿದ ಸಾಲು ಫೈಲಿನ್ಯಾಗಿಂದ ತಗೀರಿ" ಎಂದ ಸಾಹುಕಾರ. ತೆಗೆದೆ. ಅವ್ವನ ಬಿ.ಪಿ. ಗುಳಿಗೆ, ಮನೆ ಬಾಡಿಗೆ, ಎಲ್ಲಾ ಇದೇ ಸಂಬಳದಲ್ಲಿ ಆಗಬೇಕು.

ಏಪ್ರಿಲ್ 22, ಮಂಗಳವಾರ

ಊಟ ಸೇರಲಿಲ್ಲ.

ಏಪ್ರಿಲ್ 27, ಭಾನುವಾರ

ಗೊಳಸಂಗಿಗೆ ಹೋಗಿ ಕಾವೇರಿಯನ್ನು ಕಂಡೆ. ಯಾಕೆ ಹೋದೆನೋ. ಸಮಾಧಾನ ಹೇಳೋಣ ಅಂದುಕೊಂಡಿದ್ದಿರಬೇಕು.

ಕೂಡ್ರಿ ಎನ್ನಲಿಲ್ಲ. ಎಮ್ಮೆಗೆ ಮೇವು ಹಾಕುತ್ತಲೇ ಮಾತಾಡಿದಳು. "ನೀವು ಕೇಳಿದ್ರಿ. ನಾ ಹೇಳಿದ್ನಿ. ಈಗ ನೀವು ನೌಕರ್ಯಾಗ ಅದೀರಿ, ನಾ ಮನ್ಯಾಗ ಅದೇನಿ. ಕೇಳಾವ್ರಿಗೆ ಏನೂ ಆಗೂದಿಲ್ಲೇನ್ರಿ?"

"ಸಾಹುಕಾರ್ರಿಗೆ ಹೇಳಿ ನೋಡ್ತೇನಿ, ಕಾವೇರಿ."

"ನಂದಿರ್ಲಿ ಬಿಡ್ರಿ. ಅಲ್ಲೆ ಕುಂತಾರಲ್ಲ, ಅವ್ರ ಬಾಗಲಾ ತಗಸ್ರಿ. ಇರಮನ ಮದಿವಿ ಐತಿ ದೀಪಾವಳಿ ಮುಂದ."

ಚಹಾ ಕೊಟ್ಟಳು. ಕೊಡದಿದ್ದರೆ ಚೆನ್ನಾಗಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಸಿಟ್ಟು ಯಾರ ಮೇಲೆ ಹಾಕಬೇಕೋ ತಿಳಿಯದೆ ಕಂಡಕ್ಟರನ ಜೊತೆ ಚಿಲ್ಲರೆಗೆ ಜಗಳವಾಡಿದೆ.

ಮೇ 5, ಸೋಮವಾರ

ಪುಣೆಯಿಂದ ತಪಾಸಣೆಯವನು ಬಂದ. ಪಾರ್ಥ ಎಂದು ಹೆಸರು. ಇಸ್ತ್ರಿ ಅಂಗಿ, ಬಾಯ್ತುಂಬ ಮರಾಠಿ, ಬಹಳ ವಿನಯ. ಅವನ ಮೇಲೆ ಸಿಟ್ಟು ಬರಲೂ ಜಾಗವಿಲ್ಲ, ಅಷ್ಟು ನುಣುಪು.

ಅವನು ಬರುವ ಮುಂಚೆ ಸಾಹುಕಾರ ನನ್ನ ಕೈಗೆ ಒಂದು ಹಸಿರು ಸ್ಟಿಕ್ಕರ್ ಕೊಟ್ಟಿದ್ದ. ಓಡುತ್ತಿರುವ ಮನುಷ್ಯನ ಚಿತ್ರ, ಕೆಳಗೆ 'ತುರ್ತು ನಿರ್ಗಮನ' ಎಂದು ಅಕ್ಷರ. ಅದನ್ನು ಹಿಂದಿನ ಬಾಗಿಲಿಗೆ ಒಳಗಡೆಯಿಂದ ಅಂಟಿಸಿದವಳು ನಾನು. ಹೊರಗಡೆ ಕೀಲಿ ಹಾಗೇ ಇತ್ತು.

ಪಾರ್ಥ ಸ್ಟಿಕ್ಕರಿನ ಫೋಟೋ ತೆಗೆದುಕೊಂಡ. ಬಾಗಿಲನ್ನು ಒಮ್ಮೆ ನೂಕಿ ನೋಡುತ್ತಾನೆ, ನೂಕುತ್ತಾನೆ, ಈಗ ನೂಕುತ್ತಾನೆ ಎಂದು ಕಾದೆ. ನೂಕಲಿಲ್ಲ. ಕೆಲಸಗಾರರನ್ನು ಕೇಳಿದ್ದೀರಾ ಎಂದ. ಕೇಳಿದ್ದೇವೆ ಎಂದೆ, ಸುಳ್ಳಲ್ಲವಲ್ಲ. ಆಮೇಲೆ ಶೇಂಗಾ ಹೋಳಿಗೆ, ಎಣ್ಣೆಗಾಯಿ, ಕಡಕ್ ರೊಟ್ಟಿ ಹೊಡೆದು, ಅಡಿಗೆ ಫಾರ ಛಾನ್ ಎಂದು ಹೊಗಳಿ, ಸಹಿ ಹಾಕಿ ಹೋದ.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಈ ಗಾದೆ ಮಾಡಿದವನು ನಮ್ಮ ಕೋಲ್ಡ್ ಸ್ಟೋರೇಜಿನಲ್ಲಿ ಊಟ ಮಾಡಿರಬೇಕು. ಸ್ಟಿಕ್ಕರಿನ ಅಂಟು ಬೆರಳಿನಿಂದ ಇನ್ನೂ ಹೋಗಿಲ್ಲ. ಸೀಗೆಪುಡಿ ಹಾಕಿ ತಿಕ್ಕಿದೆ.

ಮೇ 9, ಶುಕ್ರವಾರ

ಪೆನ್ನು ಹಿಡಿಯುವ ಮುಂಚೆ ಅಂಗಳದಲ್ಲಿ ಹತ್ತು ಸಲ ಸುತ್ತಿದೆ. ಹೆದರಿಕೆಯಿಂದಲ್ಲ. ಗೊತ್ತಿಲ್ಲ.

ಸರ್ಟಿಫಿಕೇಟಿಗೆ ಪೂಜೆ ಇತ್ತು. ಚಿನ್ನದ ಬಣ್ಣದ ಕಟ್ಟು, ಅದಕ್ಕೆ ಚೆಂಡುಹೂವಿನ ಹಾರ, ಅರಿಶಿಣ ಕುಂಕುಮ, ಧಾರವಾಡ ಪೇಢೆ. ಇಂಡಿಯ ಬೀಗನನ್ನು ಕರೆಸಿ ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದ. ಹೆಂಗಸರು ಹಿಂದೆ ನೆಲದ ಮೇಲೆ. ಮಂಗಳಾರತಿ ಮುಗಿದಿರಲಿಲ್ಲ, ಸಾಹುಕಾರ ತಟ್ಟೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದ.

"ವಸುಧಾಬಾಯಿ, ಇದಕ್ಕ ದುಡದಾವ್ರು ನೀವು. ದೇವರ ಮುಂದ ನಾಕು ಛಲೋ ಮಾತು ಆಡ್ರಿ."

ಎರಡು ಮಾತು ಕಲಿತುಕೊಂಡು ಹೋಗಿದ್ದೆ, ಸತ್ಯವಾಗಿ. ಎದ್ದು ನಿಂತೆ. ಇರಮ ಹಿಂದಿನ ಬಾಗಿಲಿಗೆ ಒರಗಿ ಕೂತಿದ್ದಳು. ಅವಳ ತಲೆಯ ಮೇಲೇ ನಾನು ಅಂಟಿಸಿದ ಹಸಿರು ಸ್ಟಿಕ್ಕರು. ಪೇಢೆ ಯಾವಾಗ ಹಂಚುತ್ತಾರೆ ಎಂದು ತಟ್ಟೆಯ ಕಡೆಗೆ ನೋಡುತ್ತಿದ್ದಳು.

ಕಲಿತ ಮಾತು ಬಾಯಿಗೆ ಬರಲಿಲ್ಲ. ಇದು ಬಂತು:

"ಈ ಕಟ್ಟಡದಾಗ ಗ್ಯಾಸ್ ಸೋರ್ತದ. ಹೋದ ಸಲಕಿಂತ ಹೆಚ್ಚು ಸೋರ್ತದ. ಆ ಹಿಂದಿನ ಬಾಗಲಾ ಮುಚ್ಚೇ ಇರ್ತದ. ಈ ಹೆಣ್ಮಕ್ಕಳು ಅದನ್ನ ಬಡದು ಬಡದು ಸಾಯ್ತಾರ."

ಪೂಜಾರಿಯ ಕೈಯಲ್ಲಿ ಗಂಟೆ ನಿಂತಿತು. ಬೀಗ ಕುರ್ಚಿಯಿಂದ ಎದ್ದ. ಸಾಹುಕಾರನ ಮುಖ ಬಿಳಿಚಿಕೊಂಡು ಆರತಿ ತಟ್ಟೆ ಗಡಗಡ ನಡುಗಿತು. ವಿಮೆಯವರ ಪತ್ರಕ್ಕಾಗಲಿ, ಪುಣೆಯವರ ತಪಾಸಣೆಗಾಗಲಿ ಅವನು ಹೀಗೆ ಹೆದರಿದ್ದನ್ನು ನಾನು ಕಂಡಿಲ್ಲ.

"ಬಿಡ್ತು ಅನ್ರಿ! ವಸುಧಾಬಾಯಿ, ಲಗೂನ ಬಿಡ್ತು ಅನ್ರಿ!"

"ಅನ್ನಂಗಿಲ್ಲ."

"ನನ್ನ ತಾಯಿ, ನಿಮ್ಮ ಕಾಲ್ ಬೀಳ್ತೇನಿ. ದೀಪ ಹತ್ತೇತಿ, ದೇವರ ಮುಂದ ಐತಿ. ಒಂದ್ ಮಾತು. ಬಿಡ್ತು ಅನ್ರಿ."

ನಾನು ಚೀಲ ತೆಗೆದುಕೊಂಡು ಬಸ್ ಸ್ಟಾಪಿಗೆ ಬಂದೆ. ಬಸ್ಸಿನಲ್ಲಿ ಕೂತ ಮೇಲೆ ನೌಕರಿ ನೆನಪಾಯಿತು.

ಮೇ 10, ಶನಿವಾರ

ನಿನ್ನೆಯೇ ಅವ್ವನಿಗೆ ಕಾವೇರಿಯಿಂದ ಹಿಡಿದು ಎಲ್ಲಾ ಹೇಳಿದ್ದೆ. ಇವತ್ತು ಸಾಹುಕಾರ ಮನೆಗೇ ಬಂದ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತ. ರಾತ್ರಿ ಕಣ್ಣು ಮುಚ್ಚಿದವನ ಹಾಗೆ ಕಾಣಲಿಲ್ಲ. ನನ್ನ ಕಡೆ ನೋಡಲೂ ಇಲ್ಲ, ಅವ್ವನಿಗೆ ಕೈ ಮುಗಿದ.

"ಅವ್ವಾರ, ನಿಮ್ಮ ಮಗಳು ಏನ್ ಆಡ್ಯಾರ ಗೊತ್ತಾತಿಲ್ರಿ? ಆಡಿದಾವ್ರ ಬಾಯಿಂದನ ಬಿಡ್ತು ಅನಸಬೇಕಂತ ಪೂಜಾರಿ ಹೇಳ್ಯಾರ. ನೀವರ ಹೇಳ್ರಿ."

ಅವ್ವ ನನ್ನ ಕಡೆ ತಿರುಗಿದಳು. ಜನ್ಮವೆಲ್ಲ ನನ್ನಿಂದ ಬಿಡ್ತು ಅನ್ನಿಸಿದವಳು. ಈಗಲೂ ಅನ್ನಿಸುತ್ತಾಳೆ ಎಂದುಕೊಂಡು ಹಲ್ಲು ಕಚ್ಚಿ ನಿಂತೆ.

"ವಸೂ, ಅಂತೀಯೇನು?"

"ಇಲ್ಲ."

"ಆಕಿ ಅನ್ನೂದಿಲ್ಲಪಾ" ಎಂದಳು ಅವ್ವ ಸಾಹುಕಾರನಿಗೆ. "ಇನ್ನ ಒಂದ ಉಪಾಯ ಅದ. ಕೂಡು, ಹೇಳ್ತೀನಿ."

ಅವನು ಹೊಸ್ತಿಲ ಮೇಲೆ ಕೂಡಲಿಲ್ಲ, ಅಂಗಳದಲ್ಲೇ ಕುಕ್ಕರಗಾಲಿನಲ್ಲಿ ಕೂತ. ಅವ್ವ ಸೆರಗು ಹೊದ್ದುಕೊಂಡು, ಪುರಾಣ ಹೇಳುವ ದನಿಯಲ್ಲಿ ಹೇಳಿದಳು.

"ಬಿಡ್ತು ಅನ್ನದ ಮಾತು ಹೊರಗ ಹೋಗ್ಲಿಕ್ಕೆ ಹಾದಿ ಹುಡುಕತದ. ಯಾವ ಬಾಗಲದ ಹೆಸರು ಹಿಡದು ಆಡ್ಯಾಳೊ, ಅದ ಬಾಗಲದಿಂದ ಹೋಗಬೇಕು ಅದು. ಬಾಗಲಾ ಮುಚ್ಚಿತ್ತಂದ್ರ ಮಾತು ಒಳಗ ಉಳೀತದ, ಗೋಡಿ ಅಸ್ತು ಅಂದೇ ಅಂತದ. ಕೀಲಿ, ಚಿಲಕಾ ಎಲ್ಲಾ ಕಿತ್ತಿ ಒಗೀಬೇಕು. ಆಮ್ಯಾಲೆ, ಈ ಮಾತು ಮೊದಲ ಯಾರ ಬಾಯಾಗ ಬಂದಿತ್ತೊ, ಆಕಿನ್ನ ಮಾನದಿಂದ ಕರದು, ಆಕಿ ಕೈಲೇ ಆ ಬಾಗಲದಾಗ ಕಾಯಿ ಒಡಸಬೇಕು. ಆಕಿ ದಿನಾ ಅಲ್ಲೇ ಓಡಾಡಿಕೋತ ಇರಬೇಕು."

"ಬಾಗಲಾ ಎಷ್ಟ್ ದಿನ ತೆರದಿಡಬೇಕ್ರಿ ಅವ್ವಾರ?"

"ಕಟ್ಟಡಾ ಇರೋತನಾ."

ಸಾಹುಕಾರ ಹೌದ್ರಿ, ಹೌದ್ರಿ ಎಂದು ನೆಲ ಮುಟ್ಟಿ ನಮಸ್ಕಾರ ಮಾಡಿ ಹೋದ. ಗಾಡಿಯ ಸದ್ದು ಮರೆಯಾದ ಮೇಲೆ ಕೇಳಿದೆ. "ಅವ್ವಾ, ಇದು ಯಾವ ಪುರಾಣದ ಪೋಥ್ಯಾಗ ಅದ?"

"ಯಾವ ಪೋಥ್ಯಾಗೂ ಇಲ್ಲ. ಪೋಥಿ ನೀ ಬರದಿದ್ದೆಲ್ಲ, ಅದನ್ನ ಓದಿ ಬಾಗಲಾ ತಗದ್ನೇನು?" ಎಂದು ಅವ್ವ ಬತ್ತಿಯ ಡಬ್ಬಿ ಎಳೆದುಕೊಂಡಳು.

ಮೇ 12, ಸೋಮವಾರ

ಬಾಗಿಲು ತೆಗೆದರು. ಚಿಲಕ ಕಿತ್ತರು. ಕಾವೇರಿ ಕಾಯಿ ಒಡೆದಳು, ಮತ್ತೆ ಬುಟ್ಟಿಯ ಮುಂದೆ ಕೂತಳು. ನಬಿಲಾಲ ಫೋನ್ ಮಾಡಿ ಹೇಳಿದ. ಕಾಯಿ ಎರಡೇ ಹೋಳಾಯಿತಂತೆ, ಅದಕ್ಕೂ ಸಾಹುಕಾರ ಕಣ್ಣಿಗೆ ಒತ್ತಿಕೊಂಡನಂತೆ.

ನಾನು ಇನ್ನು ಮೇಲೆ ಬರಬೇಕಿಲ್ಲವಂತೆ. ಫೈಲಿನಲ್ಲಿ ಮೊದಲನೆಯ ಅಪಾಯ ಬದಲಾಗಿದೆಯಂತೆ. ಕಳವು ಕೆಳಗೆ ಇಳಿದು, ಮೇಲೆ 'ಅಪಶಕುನ ನುಡಿಯುವ ನೌಕರರು' ಬಂದಿದೆ. ಪರಿಹಾರ: ಅಂಥವರನ್ನು ಇಟ್ಟುಕೊಳ್ಳಬಾರದು. ಪುಣೆಯವರು ಅದಕ್ಕೂ ಸಹಿ ಹಾಕುತ್ತಾರೆ, ನೋಡುತ್ತಿರು.

ಮನುಷ್ಯರು ಸಾಯುತ್ತಾರೆ ಎಂದರೆ ತೆರೆಯದ ಬಾಗಿಲು, ಗೋಡೆ ಅಸ್ತು ಅಂದೀತು ಎಂಬ ದಿಗಿಲಿಗೆ ತೆರೆಯಿತು. ವಾಲ್ವು ಮಾತ್ರ ಅದೇ ಹಳೆಯದು. ಅದರ ಹೆಸರೂ ಹಿಡಿದು ಆಡಬೇಕಿತ್ತು ನಾನು.

ಜೂನ್ 14, ಶನಿವಾರ

ಬಹಳ ದಿನ ಬರೆದಿಲ್ಲ. ಎರಡು ಮನೆಯ ಹುಡುಗಿಯರಿಗೆ ಲೆಕ್ಕಪತ್ರ ಪಾಠ ಹೇಳುತ್ತಿದ್ದೇನೆ. ಹೇಗೋ ನಡೆದಿದೆ.

ಮಧ್ಯಾಹ್ನ ಕಾವೇರಿಯ ಫೋನು. ಸುತ್ತ ಗದ್ದಲ, ಅಳು, ಕೆಮ್ಮು. ಅಡಿಗೆಮನೆಯ ಕಟ್ಟೆ ಹಿಡಿದುಕೊಂಡೆ.

"ಅಕ್ಕಾರ, ವಾಲ್ವ್ ಹಾರಿ ಹೋತ್ರಿ. ಬೆಳ್ಳಗ ಹೊಗಿ ಹಂಗ ಬಂತು. ಮುಂದಿನ ಬಾಗಲಾ ಕಾಣಸ್ಲೇ ಇಲ್ಲ."

"ಕಾವೇರಿ, ಹೆಂಗಸರು? ನಬಿಲಾಲ? ಇರಮ ಎಲ್ಲಿ?"

"ಇಲ್ಲೇ ಹೊಲದಾಗ ಕುಂತಾಳ್ರಿ, ನೀರ್ ಕುಡ್ಯಾಕತ್ತಾಳ. ನಬಿಲಾಲಣ್ಣನೂ ಅದಾನ. ಎಲ್ಲಾರೂ ಹಿಂದಿನ ಬಾಗಲದಿಂದ ಬಂದ್ವಿ. ಎಲ್ಲಾರೂ ಹೊರಗ ಅದೇವ್ರಿ ಅಕ್ಕಾರ. ನಿಮಗ ಹೇಳ್ಬೇಕಂತ ಮಾಡಿದ್ನಿ."

ಫೋನು ಇಟ್ಟೆ. ಅವ್ವ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಹೇಳಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಅವ್ವ ಹತ್ತಿರ ಬಂದು, ಸೆರಗಿನ ತುದಿಯಿಂದ ನನ್ನ ಮುಖ ಒರೆಸಿ, ಮೆಲ್ಲಗೆ ಅಂದಳು.

"ಇನ್ನರ ಬಿಡ್ತು ಅನ್ನು, ವಸೂ."

ಅಂದೆ.